ನಲಿವಿನ ದರಪಟ್ಟಿ

ಶಾಲೆಗೆ ರಜೆ ಬಂದಾಗ ಮಕ್ಕಳಿಗೆ ಬಿಡುವು; ಮನೆಯ ಯಜಮಾನನ ಲೆಕ್ಕದ ಪುಸ್ತಕಕ್ಕೆ ಮಾತ್ರ ಆಗಲೇ ಬಿಡುವಿಲ್ಲದ ಕೆಲಸ. ಹಿಂದೆ ಈ ಲೆಕ್ಕ ಅಜ್ಜಿಯ ಊರಿನ ಬಸ್ ಚಾರ್ಜು, ಜಾತ್ರೆಯ ಬೆಂಡು ಬತ್ತಾಸು, ತೊಟ್ಟಿಲಾಟದ ಕಾಸು ಇಷ್ಟರಲ್ಲಿ ಮುಗಿಯುತ್ತಿತ್ತು. ಇಂದು ಬೆಂಗಳೂರಿನ ಮಗು ಬಿಡದಿಯ ವಂಡರ್‌ಲಾವನ್ನು ಕೇಳುತ್ತದೆ. ಅಮೆರಿಕದಲ್ಲಿ ನೆಲೆಸಿದ ನಮ್ಮವರ ಮಗು ಡಿಸ್ನಿಯ ಉದ್ಯಾನವನ್ನು ಕೇಳುತ್ತದೆ. ಲೋಕವೆಲ್ಲ ‘ಥೀಮ್ ಪಾರ್ಕ್’ ಎಂದು ಕರೆಯುವ ಈ ವಿನೋದೋದ್ಯಾನಗಳಿಗೆ ಸಂಸಾರಸಹಿತ ಹೋಗಿ ಬರುವ ಖರ್ಚನ್ನು ತಗ್ಗಿಸುವುದು ಹೇಗೆಂಬುದು ಈಗ ಒಂದು ಶಾಸ್ತ್ರವೇ ಆಗಿ ಬೆಳೆದಿದೆ. ಅಮೆರಿಕದಲ್ಲಂತೂ ಈ ಶಾಸ್ತ್ರವನ್ನು ಬೋಧಿಸುವ ದಪ್ಪ ಕೈಪಿಡಿಗಳು ವರ್ಷವರ್ಷವೂ ಹೊಸದಾಗಿ ಅಚ್ಚಾಗುತ್ತವೆ. ನಾಲ್ಕು ದಿನದ ಆಟಕ್ಕೆ ನಾಲ್ಕು ತಿಂಗಳ ವ್ಯಾಸಂಗ ಬೇಕಾಗಿ ಬಂದಿರುವುದು ಹೇಗೆ, ಆ ವ್ಯಾಸಂಗದಿಂದ ಲಾಭ ಯಾರಿಗೆ ಎಂಬುದನ್ನು ಪರಿಶೀಲಿಸುವುದು ಅಪ್ರಸ್ತುತವಾಗಲಾರದು.

ಈ ಬಗೆಯ ಉದ್ಯಾನಗಳಿಗೆಲ್ಲ ಮೇಲ್ಪಂಕ್ತಿಯಾದ ಡಿಸ್ನಿಲ್ಯಾಂಡ್ ಕ್ಯಾಲಿಫೋರ್ನಿಯದ ಅನಾಹೈಮ್ ಪಟ್ಟಣದಲ್ಲಿ ೧೯೫೫ನೆಯ ಇಸವಿ ಜುಲೈ ೧೭ರಂದು ತೆರೆಯಿತು. ಅದರ ಕಲ್ಪನೆ ಹುಟ್ಟಿದ ಬಗೆಯನ್ನು ವಾಲ್ಟ್ ಡಿಸ್ನಿಯವರೇ ಹೇಳಿಕೊಂಡಿದ್ದಾರೆ. ಲಾಸ್ ಏಂಜಲೀಸಿನ ಗ್ರಿಫಿತ್ ಪಾರ್ಕಿನಲ್ಲಿ ತಮ್ಮ ಇಬ್ಬರು ಹೆಣ್ಣುಮಕ್ಕಳು ತಿರುಗುವ ಮರದ ಕುದುರೆಗಳ ಮೇಲೆ ಕುಳಿತು ನಲಿಯುತ್ತಿರಲು, ತಾವು ಬೆಂಚಿನ ಮೇಲೆ ಕಡಲೆಕಾಯಿ ತಿನ್ನುತ್ತ ಕಾದಿದ್ದಾಗ, ಹೆತ್ತವರೂ ಮಕ್ಕಳೂ ಕೂಡಿ ನಲಿಯುವಂಥ ಒಂದು ತಾಣ ಇರಬಾರದೇಕೆ ಎಂಬ ಯೋಚನೆ ಅವರಿಗೆ ಬಂದಿತಂತೆ. ಮಕ್ಕಳು ಆಡುವುದು, ದೊಡ್ಡವರು ಕಾಸು ಕೊಟ್ಟು ಕಾಯುವುದು ಎಂಬ ಭೇದವನ್ನು ಅಳಿಸಬೇಕೆಂಬುದೇ ಮೂಲದ ಉದ್ದೇಶ. ಉದ್ದೇಶ ಉದಾತ್ತವಾದುದೆಂಬುದರಲ್ಲಿ ಸಂದೇಹವಿಲ್ಲ.

ತೆರೆದ ವರ್ಷ ದೊಡ್ಡವರಿಗೆ ಪ್ರವೇಶಧನ ೧ ಡಾಲರ್, ಮಕ್ಕಳಿಗೆ ೫೦ ಸೆಂಟ್. ಒಳಗಿನ ಆಟಗಳಿಗೆ ಬೇರೆ ಚೀಟಿ. ಅದೇ ವರ್ಷದ ಅಕ್ಟೋಬರಿನಲ್ಲಿ ಚೀಟಿಗಳನ್ನೆಲ್ಲ ಪುಸ್ತಕ ಕಟ್ಟಿ ಮಾರುವ ಪದ್ಧತಿ ಬಂದಿತು. ಎ, ಬಿ, ಸಿ ಎಂದು ಮೊದಲು ಮೂರು ತರಗತಿ, ೧೯೫೬ರಲ್ಲಿ ಡಿ, ೧೯೫೯ರಲ್ಲಿ ಅತ್ಯುತ್ತಮ ಸವಾರಿಗಳಿಗೆಂದು ಇ. ಈ ಏರ್ಪಾಟು ಜಾತ್ರೆಯ ನ್ಯಾಯಕ್ಕೆ ಹತ್ತಿರವಾದುದು. ಕೈಯಲ್ಲಿ ಹೆಚ್ಚು ಕಾಸಿದ್ದವನು ಹೆಚ್ಚು ಆಡಿದನು. ಕಡಿಮೆ ಇದ್ದವನು ಕಡಿಮೆ ಆಡಿದನು. ಸುಮ್ಮನೆ ನೋಡಿ ಹೋಗಲು ಬಂದ ಅಜ್ಜ ಅಜ್ಜಿಯರು ಬಾಗಿಲಿನ ಹಣವನ್ನಷ್ಟೇ ತೆತ್ತರು. ೧೯೮೨ರಲ್ಲಿ ಈ ಪುಸ್ತಕಗಳು ಹೋಗಿ, ಬಾಗಿಲಲ್ಲಿ ಒಂದೇ ಮೊತ್ತ ಕೊಟ್ಟರೆ ಒಳಗಿನ ಸವಾರಿಯೆಲ್ಲ ನಿಮ್ಮದು ಎಂಬ ಕ್ರಮ ಬಂದಿತು. ಅನುಕೂಲವಾಯಿತು, ನಿಜ, ಆದರೆ ಕಡಿಮೆ ಕೊಂಡು ಕಡಿಮೆ ತೆರುವ ಸ್ವಾತಂತ್ರ್ಯ ಅಂದೇ ಗೃಹಸ್ಥನ ಕೈಬಿಟ್ಟಿತು.

ಫ್ಲಾರಿಡದ ಒರ್ಲ್ಯಾಂಡೊ ಬಳಿ ಸುಮಾರು ೨೭,೦೦೦ ಎಕರೆ ನೆಲವನ್ನು ಕೊಂಡು ಕಟ್ಟಿದ ವಾಲ್ಟ್ ಡಿಸ್ನಿ ವರ್ಲ್ಡ್ ೧೯೭೧ರ ಅಕ್ಟೋಬರ್ ೧ರಂದು ಆರಂಭವಾದಾಗ ದೊಡ್ಡವರ ಪ್ರವೇಶ ೩ ಡಾಲರ್ ೫೦ ಸೆಂಟ್ ಆಗಿತ್ತು. ಹಣದ ಬೆಲೆ ಇಳಿದಿರುವುದನ್ನು ಲೆಕ್ಕಕ್ಕೆ ಹಿಡಿದರೆ ಅದು ಈಗಿನ ಸುಮಾರು ೨೮ ಡಾಲರಿಗೆ ಸಮ. ೨೦೨೫ರ ಕ್ರಿಸ್‌ಮಸ್ ವಾರದಲ್ಲಿ ಅದೇ ಉದ್ಯಾನದ, ಮ್ಯಾಜಿಕ್ ಕಿಂಗ್‌ಡಮ್ಮಿನ, ಒಂದು ದಿನದ ಚೀಟಿ ೧೯೯ ಡಾಲರ್ ಆಗಿತ್ತು. ಅಂದಿನ ದರದಲ್ಲಿ ಸವಾರಿಯ ಚೀಟಿ ಸೇರಿರಲಿಲ್ಲ, ಇಂದಿನದರಲ್ಲಿ ಸೇರಿದೆ ಎಂಬುದನ್ನು ನ್ಯಾಯಕ್ಕಾಗಿ ಹೇಳತಕ್ಕದ್ದು. ಆ ರಿಯಾಯಿತಿಯನ್ನು ಕೊಟ್ಟ ಮೇಲೂ ಏರಿಕೆ ಸಣ್ಣದಲ್ಲ.

ಆದರೆ ಬೆಲೆ ಏರಿತೆಂಬುದು ಈ ಕಥೆಯ ಅರ್ಧ ಮಾತ್ರ. ಬೆಲೆಯ ಸ್ವರೂಪವೇ ಬದಲಾದುದು ಉಳಿದ ಅರ್ಧ. ೨೦೧೬ರ ಫೆಬ್ರವರಿಯವರೆಗೆ ಡಿಸ್ನಿಲ್ಯಾಂಡಿನ ಚೀಟಿಗೆ ವರ್ಷವಿಡೀ ಒಂದೇ ದರ. ಆ ತಿಂಗಳು ದಿನಗಳನ್ನು ಮೂರು ತರಗತಿ ಮಾಡಿ ೯೫, ೧೦೫, ೧೧೯ ಡಾಲರ್ ಎಂದು ಗೊತ್ತುಮಾಡಿದರು. ಜನ ಕಡಿಮೆ ಬರುವ ದಿನ ಅಗ್ಗ, ಮುಗಿಬೀಳುವ ದಿನ ದುಬಾರಿ. ಮುಂದೆ ತರಗತಿಗಳು ಹೆಚ್ಚಿದವು. ೨೦೨೪ರ ಅಕ್ಟೋಬರಿನಲ್ಲಿ ಹೊರಟ ದರಪಟ್ಟಿಯಂತೆ ಅತಿ ಅಗ್ಗದ ದಿನ ೧೦೪ ಡಾಲರ್, ಅತಿ ದುಬಾರಿ ದಿನ ೨೦೬ ಡಾಲರ್. ಮೇಲಿನ ದರ ಮರುವರ್ಷ ಇನ್ನೂ ಏರಿತು. ಹತ್ತು ವರ್ಷ ತುಂಬಿದ ಮಕ್ಕಳಿಗೆ ಅಲ್ಲಿ ದೊಡ್ಡವರ ದರವೇ ಆದ್ದರಿಂದ, ಅಂಥ ಇಬ್ಬರು ಮಕ್ಕಳಿರುವ ನಾಲ್ವರ ಸಂಸಾರಕ್ಕೆ ಅಗ್ಗದ ದಿನ ೪೧೬ ಡಾಲರ್. ದುಬಾರಿ ದಿನ ೮೨೪ ಡಾಲರ್. ಅದೇ ಬಾಗಿಲು, ಅದೇ ಸವಾರಿ. ಹೆಚ್ಚು ಕೊಟ್ಟವರಿಗೆ ದೊರೆಯುವ ಹೆಚ್ಚಿನ ವಸ್ತುವೆಂದರೆ ಇನ್ನಷ್ಟು ಉದ್ದವಾದ ಸಾಲೊಂದೇ.

ಆದ್ದರಿಂದ ಮಿತವ್ಯಯದ ಕೈಪಿಡಿಗಳೆಲ್ಲ ಮೊದಲು ಹೇಳುವ ಬುದ್ಧಿವಾದ ‘ಜನವಿಲ್ಲದ ದಿನ ಹೋಗಿ’ ಎಂಬುದು. ಬುದ್ಧಿವಾದ ಸರಿಯೇ. ಆದರೆ ಅದನ್ನು ಪಾಲಿಸಬಲ್ಲವರು ಯಾರು? ಮಕ್ಕಳಿಲ್ಲದವರು, ನಿವೃತ್ತರು, ಬೇಕಾದಾಗ ರಜೆ ಪಡೆಯಬಲ್ಲ ಉದ್ಯೋಗದವರು. ಶಾಲೆಗೆ ಹೋಗುವ ಮಕ್ಕಳನ್ನುಳ್ಳ ಸಂಸಾರಕ್ಕೆ ದಿನವನ್ನು ಆಯುವ ಅಧಿಕಾರ ಶಾಲೆಯದು. ಶಾಲೆಗೆಲ್ಲ ಒಟ್ಟಿಗೇ ರಜೆ, ರಜೆಯೆಂದೇ ಜನ, ಜನವೆಂದೇ ದುಬಾರಿ. ಯಾರ ಸಲುವಾಗಿ ಈ ಉದ್ಯಾನ ಹುಟ್ಟಿತೆಂದು ಹೇಳಲಾಯಿತೋ ಅವರಿಗೇ ಅತ್ಯಧಿಕ ದರ ಬೀಳುವಂತೆ ಪಂಚಾಂಗ ಬರೆದಂತಾಯಿತು. ೨೦೨೪ರ ಆರಂಭದಲ್ಲಿ ಡಿಸ್ನಿಲ್ಯಾಂಡಿನವರು ಮೂರರಿಂದ ಒಂಬತ್ತು ವರ್ಷದ ಮಕ್ಕಳಿಗೆ ದಿನಕ್ಕೆ ೫೦ ಡಾಲರಿನ ಚೀಟಿಯನ್ನು ಕೊಟ್ಟರು. ಉದಾರವಾದ ಕೊಡುಗೆಯೇ. ಆದರೆ ಅದರ ಅವಧಿ ಜನವರಿ ಎರಡನೆಯ ವಾರದಿಂದ ಮಾರ್ಚ್ ಎರಡನೆಯ ವಾರದವರೆಗೆ, ಎಂದರೆ ಮಕ್ಕಳು ಬಹುಮಟ್ಟಿಗೆ ಶಾಲೆಯಲ್ಲಿರುವ ಕಾಲ.

ಶಾಲೆಯನ್ನು ತಪ್ಪಿಸಿ ಹೋದರೆ ಏನಾಗುತ್ತದೆಂಬುದಕ್ಕೆ ಇಂಗ್ಲೆಂಡಿನಲ್ಲಿ ಒಂದು ಪ್ರಸಿದ್ಧ ವ್ಯಾಜ್ಯವೇ ನಡೆದಿದೆ. ವೈಟ್ ದ್ವೀಪದ ಒಬ್ಬ ತಂದೆ ೨೦೧೫ರ ಏಪ್ರಿಲಿನಲ್ಲಿ ಶಾಲೆ ನಡೆಯುತ್ತಿದ್ದಾಗಲೇ ತನ್ನ ಮಗಳನ್ನು ಫ್ಲಾರಿಡದ ಡಿಸ್ನಿ ವರ್ಲ್ಡಿಗೆ ಕರೆದೊಯ್ದನು. ಅಲ್ಲಿನ ಕೌನ್ಸಿಲು ದಂಡ ಹಾಕಿತು, ಆತ ಕೊಡಲೊಪ್ಪಲಿಲ್ಲ. ಕೆಳಗಿನ ನ್ಯಾಯಾಲಯಗಳಲ್ಲಿ ಆತನಿಗೆ ಜಯವಾಯಿತಾದರೂ ೨೦೧೭ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಆತನಿಗೆ ವಿರುದ್ಧವಾಗಿ ತೀರ್ಪು ಕೊಟ್ಟಿತು. ೨೦೨೪ರ ಆಗಸ್ಟಿನಿಂದ ಅಲ್ಲಿ ಇಂಥ ದಂಡದ ಮೊತ್ತ ೬೦ ಪೌಂಡಿನಿಂದ ೮೦ ಪೌಂಡಿಗೆ ಏರಿದೆ. ಆತನ ಕಾರಣಗಳೇನೇ ಇರಲಿ, ಶಾಲೆ ಮುಖ್ಯವೆಂಬುದನ್ನು ಯಾರೂ ಅಲ್ಲಗಳೆಯರು. ಆದರೆ ರಜೆಯಲ್ಲಿ ಹೋದರೆ ದರ, ರಜೆಯಿಲ್ಲದಾಗ ಹೋದರೆ ದಂಡ ಎಂಬ ಇಕ್ಕಟ್ಟಿನಲ್ಲಿ ಸಾಧಾರಣ ಸಂಸಾರ ಸಿಕ್ಕಿಬಿದ್ದಿದೆ ಎಂಬುದನ್ನೂ ಅಲ್ಲಗಳೆಯಲಾಗದು.

ಬಾಗಿಲಿನ ದರದ ಮಾತಾಯಿತು. ಒಳಗೆ ಹೋದ ಮೇಲಿನ ಸಂಗತಿ ಇದಕ್ಕಿಂತ ವಿಚಾರಯೋಗ್ಯ. ೧೯೯೯ರಲ್ಲಿ ಡಿಸ್ನಿಯವರು ‘ಫಾಸ್ಟ್‌ಪಾಸ್’ ಎಂಬ ಏರ್ಪಾಟು ತಂದರು. ಯಂತ್ರದಿಂದ ಚೀಟಿ ಪಡೆದು, ಅದರಲ್ಲಿ ಸೂಚಿಸಿದ ಹೊತ್ತಿಗೆ ಬಂದರೆ ಕಡಿಮೆ ಕಾದು ಸವಾರಿ ಮಾಡಬಹುದು, ಇದಕ್ಕೆ ಹಣವಿಲ್ಲ. ೨೦೨೧ರ ಅಕ್ಟೋಬರಿನಲ್ಲಿ ಫ್ಲಾರಿಡದಲ್ಲಿ ಇದರ ಸ್ಥಾನಕ್ಕೆ ಬಂದ ‘ಜೀನಿ ಪ್ಲಸ್’ ಎಂಬುದಕ್ಕೆ ತಲೆಗೆ ದಿನಕ್ಕೆ ೧೫ ಡಾಲರ್. ಬಳಿಕ ಅದರ ದರವೂ ದಿನದಿಂದ ದಿನಕ್ಕೆ ಬೇರೆಯಾಯಿತು. ೨೦೨೪ರಲ್ಲಿ ಹೆಸರೂ ಬದಲಾಯಿತು. ಅದೇ ವರ್ಷದ ಕೊನೆಯಲ್ಲಿ ಇನ್ನೂ ಮೇಲ್ತರದ ಒಂದು ಚೀಟಿ ಬಂದಿತು. ಅದಕ್ಕೆ ಉದ್ಯಾನ, ದಿನ ಇವುಗಳನ್ನನುಸರಿಸಿ ತಲೆಗೆ ೧೨೯ರಿಂದ ೪೪೯ ಡಾಲರ್, ಪ್ರವೇಶಧನ ಬೇರೆ. ವಿಮಾನ ನಿಲ್ದಾಣದಿಂದ ಡಿಸ್ನಿಯ ಹೋಟೆಲುಗಳಿಗೆ ಉಚಿತವಾಗಿ ಕರೆತರುತ್ತಿದ್ದ ಬಸ್ಸು ಕೂಡ ೨೦೨೧ರ ಕೊನೆಗೆ ನಿಂತಿತು. ಹಿಂದೆ ದರದೊಳಗೇ ಅಡಗಿದ್ದುದನ್ನು ಹೊರಗೆ ತೆಗೆದು ಬೇರೆ ಬೆಲೆ ಕಟ್ಟುವುದು ಈ ಕಾಲದ ವ್ಯಾಪಾರದ ರೀತಿ.

ದುಡ್ಡು ಕೊಟ್ಟು ಸಾಲನ್ನು ದಾಟುವುದು ನಮಗೆ ಹೊಸತಲ್ಲ. ತಿರುಮಲೆಯಲ್ಲಿ ಸರ್ವದರ್ಶನದ ಸಾಲು ಬೇರೆ, ೩೦೦ ರೂಪಾಯಿ ಚೀಟಿಯ ಸಾಲು ಬೇರೆ. ಮೈಸೂರಿನ ದಸರೆಗೂ ಇತ್ತೀಚಿನ ವರ್ಷಗಳಲ್ಲಿ ‘ಗೋಲ್ಡ್ ಕಾರ್ಡ್’ ಬಂದಿದೆ. ಇಂಥಲ್ಲೆಲ್ಲ ಒಂದು ಸಂಗತಿಯನ್ನು ಮರೆಯುವುದುಂಟು. ಹೆಚ್ಚು ಹಣ ಕೊಟ್ಟವನಿಗೆ ದೊರೆಯುವ ಸಮಯ ಆಕಾಶದಿಂದ ಉದುರಿದ್ದಲ್ಲ. ಕೊಡದವನ ಸಮಯದಿಂದ ಕಿತ್ತು ಕೊಟ್ಟದ್ದು. ಒಂದು ಗಂಟೆಯಲ್ಲಿ ಒಂದು ಸವಾರಿ ಹೊರಬಲ್ಲ ಜನರ ಸಂಖ್ಯೆ ನಿಶ್ಚಿತ. ಮುಂದೆ ಹೋದವನೊಬ್ಬನಿದ್ದರೆ ಹಿಂದೆ ಸರಿದವನೊಬ್ಬ ಇದ್ದೇ ಇರಬೇಕು. ಒಂದೇ ಸಾಲಿನಲ್ಲಿ ಬೆವರುತ್ತ ನಿಂತಿದ್ದ ಶ್ರೀಮಂತನ ಮಗುವೂ ಗುಮಾಸ್ತನ ಮಗುವೂ ಇಂದು ಎರಡು ಸಾಲಿನಲ್ಲಿ ನಿಂತು ಒಬ್ಬರನ್ನೊಬ್ಬರು ನೋಡುವಂತಾಗಿದೆ. ಮಕ್ಕಳು ಇಂಥದನ್ನು ಬೇಗ ಗ್ರಹಿಸುತ್ತಾರೆ.

ಕಂಪೆನಿಯ ಪಕ್ಷದಲ್ಲಿಯೂ ಹೇಳಬೇಕಾದ ಮಾತುಂಟು. ಒಂದೇ ದರವಿದ್ದರೆ ಜನರೆಲ್ಲ ಒಂದೇ ವಾರ ಬಂದು ನುಗ್ಗಿ ಯಾರಿಗೂ ಸುಖವಿಲ್ಲದಂತಾಗುತ್ತದೆ. ದರದ ಭೇದ ಜನರನ್ನು ವರ್ಷಕ್ಕೆಲ್ಲ ಹರಡುತ್ತದೆ ಎಂಬ ವಾದ ತಳ್ಳಿಹಾಕುವಂಥದಲ್ಲ. ಕ್ಯಾಲಿಫೋರ್ನಿಯದ ೧೦೪ ಡಾಲರಿನ ಕನಿಷ್ಠ ದರ ೨೦೧೯ರಿಂದ ಏರಿಲ್ಲವೆಂಬುದೂ, ಫ್ಲಾರಿಡದ ಹೋಟೆಲುಗಳಲ್ಲಿ ತಂಗಿದವರ ಮೇಲೆ ೨೦೧೮ರಲ್ಲಿ ಹಾಕಿದ್ದ ರಾತ್ರಿಯ ವಾಹನ ನಿಲುಗಡೆ ಶುಲ್ಕವನ್ನು ೨೦೨೩ರಲ್ಲಿ ತೆಗೆದರೆಂಬುದೂ ನಿಜ. ಆದರೆ ೨೦೨೪ರ ಲೆಕ್ಕದ ವರ್ಷದಲ್ಲಿ ಡಿಸ್ನಿ ಕಂಪೆನಿಯ ವಿಭಾಗಗಳೆಲ್ಲ ಗಳಿಸಿದ ಕಾರ್ಯಲಾಭದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಉದ್ಯಾನ, ಹೋಟೆಲು, ಹಡಗುಗಳ ವಿಭಾಗದಿಂದ ಬಂದಿತು. ಹತ್ತು ವರ್ಷಗಳಲ್ಲಿ ೬,೦೦೦ ಕೋಟಿ ಡಾಲರನ್ನು ಆ ವಿಭಾಗದಲ್ಲಿ ತೊಡಗಿಸುವುದಾಗಿ ೨೦೨೩ರಲ್ಲಿ ಸಾರಲಾಯಿತು. ಜನರನ್ನು ಹರಡುವುದೊಂದೇ ಈ ದರಪಟ್ಟಿಯ ಗುರಿಯೆಂದು ನಂಬುವುದು ಕಷ್ಟ.

ಹೀಗಿರುವಲ್ಲಿ ಗೃಹಸ್ಥನು ಮಾಡಬಹುದಾದುದೇನು? ರಿಯಾಯಿತಿಯ ಬೆನ್ನು ಹತ್ತುವುದಕ್ಕಿಂತ ಖರ್ಚು ಹುಟ್ಟುವ ಮೂಲಗಳನ್ನು ತಿಳಿಯುವುದು ಲೇಸು. ಮೂಲಗಳು ನಾಲ್ಕು: ದಿನ, ವಸತಿ, ಊಟ, ಸಾಲು.

ದಿನದ ವಿಷಯದಲ್ಲಿ ಶಾಲೆಯವರಿಗೂ ಒಂದು ಸಂದು ಉಂಟು. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಶಾಲೆಗಳು ಆಗಸ್ಟ್ ನಡುವಿನಲ್ಲಿಯೇ ಆರಂಭವಾಗುತ್ತವೆ. ಕನ್ನಡಿಗರು ಬಹಳವಾಗಿ ನೆಲೆಸಿರುವ ನ್ಯೂ ಜರ್ಸಿಯಂಥ ಕಡೆ ಹಲವು ಶಾಲೆಗಳು ಸೆಪ್ಟೆಂಬರಿನ ಮೊದಲ ಸೋಮವಾರ ಕಳೆದ ಮೇಲೆ ತೆರೆಯುತ್ತವೆ. ನಡುವಿನ ಆ ಎರಡು ವಾರ ಫ್ಲಾರಿಡದಲ್ಲಿ ಜನ ಕಡಿಮೆ, ದರವೂ ಕಡಿಮೆ. ಬಿಸಿಲು ತೀಕ್ಷ್ಣವೆಂಬುದೂ, ಚಂಡಮಾರುತದ ಋತುವೆಂಬುದೂ ಆ ಅಗ್ಗದ ಬೆಲೆಯೊಳಗೇ ಸೇರಿದೆ. ಇನ್ನು, ದಿನ ಹೆಚ್ಚಿದಷ್ಟೂ ದಿನವೊಂದಕ್ಕೆ ಬೀಳುವ ಚೀಟಿಯ ದರ ಇಳಿಯುತ್ತದೆಂದು ನಾಲ್ಕು ದಿನಕ್ಕೆ ಐದನೆಯದನ್ನು ಸೇರಿಸುವವರುಂಟು. ಚೀಟಿ ಅಗ್ಗವಾದರೂ ಆ ದಿನದ ಹಿಂದೆ ಒಂದು ರಾತ್ರಿಯ ಬಾಡಿಗೆಯೂ ಮೂರು ಹೊತ್ತಿನ ಊಟವೂ ಬರುತ್ತವೆಂಬುದನ್ನು ಅವರು ಎಣಿಸುವುದಿಲ್ಲ. ಒಂದು ದಿನವನ್ನು ಬಿಡುವುದರಿಂದ ಆಗುವ ಉಳಿತಾಯಕ್ಕೆ ಸಮನಾದ ರಿಯಾಯಿತಿ ಸುಲಭವಾಗಿ ಸಿಕ್ಕುವುದಿಲ್ಲ.

ವಸತಿಯ ಮಾತು. ಉದ್ಯಾನದ ಹೊರಗೆ, ಅಡುಗೆಮನೆಯುಳ್ಳ ಕೊಠಡಿಯಲ್ಲಿ ಇಳಿದುಕೊಂಡರೆ ಬಾಡಿಗೆ ಸಾಮಾನ್ಯವಾಗಿ ಕಡಿಮೆ. ಆದರೆ ಹೊರಗಿನಿಂದ ಕಾರಿನಲ್ಲಿ ಬರುವವರು ಬಾಗಿಲಲ್ಲಿ ನಿಲುಗಡೆಯ ಹಣ ತೆರಬೇಕು; ಫ್ಲಾರಿಡದಲ್ಲಿ ಅದು ೨೦೨೩ರ ಅಕ್ಟೋಬರಿನಲ್ಲಿ ದಿನಕ್ಕೆ ೨೫ರಿಂದ ೩೦ ಡಾಲರಿಗೆ ಏರಿತು. ಒಳಗಿನ ಹೋಟೆಲಿನವರಿಗೆ ಉದ್ಯಾನದಿಂದ ಉದ್ಯಾನಕ್ಕೆ ಬಸ್ಸು, ಮಾನೊರೈಲುಗಳು ಉಚಿತ. ಎರಡನ್ನೂ ಕೂಡಿ ಕಳೆದು ನೋಡದೆ ಹೊರಗಿನದೇ ಅಗ್ಗವೆಂದು ನಿಶ್ಚಯಿಸಬಾರದು.

ಊಟದ ಸಂಗತಿ ನಮ್ಮವರಿಗೆ ಹೇಳಿಕೊಡಬೇಕಾದುದಲ್ಲ. ಡಿಸ್ನಿಯ ಉದ್ಯಾನಗಳಿಗೆ ಬುತ್ತಿ ಕಟ್ಟಿಕೊಂಡು ಹೋಗಲು ಅಡ್ಡಿಯಿಲ್ಲ. ಗಾಜಿನ ಪಾತ್ರೆ ಸಲ್ಲದು, ಮದ್ಯ ಸಲ್ಲದು, ಅಲ್ಲಿ ಮತ್ತೆ ಬಿಸಿ ಮಾಡಬೇಕಾದ ಪದಾರ್ಥ ಸಲ್ಲದು. ಪುಳಿಯೋಗರೆಯೂ ಚಪಾತಿಯೂ ಈ ಮೂರು ನಿಬಂಧನೆಗೂ ಒಳಪಟ್ಟು ನಡೆಯುವ ಸಾಧುಪದಾರ್ಥಗಳು. ತಿಂಡಿಯ ಅಂಗಡಿಗಳಲ್ಲಿ ಕೇಳಿದರೆ ಲೋಟದಲ್ಲಿ ಕುಡಿಯುವ ನೀರನ್ನು ಹಣವಿಲ್ಲದೆ ಕೊಡುತ್ತಾರೆ.

ಸಾಲಿನ ವಿಷಯದಲ್ಲಿ ಹಣಕ್ಕೆ ಬದಲಾಗಿ ಕೊಡಬಹುದಾದುದು ಬೆಳಗಿನ ನಿದ್ದೆ. ಬಾಗಿಲು ತೆರೆಯುವ ಮೊದಲೇ ಹೋಗಿ ನಿಂತ ಸಂಸಾರ ಮೊದಲ ಎರಡು ಗಂಟೆಗಳಲ್ಲಿ ಆಡುವಷ್ಟನ್ನು ಮಧ್ಯಾಹ್ನದ ನಾಲ್ಕು ಗಂಟೆಗಳಲ್ಲಿ ಆಡಲಾರದು. ಎತ್ತರ ಸಾಲದ ಚಿಕ್ಕ ಮಗುವಿದ್ದರೆ ತಾಯಿತಂದೆಗಳು ಒಬ್ಬರಾದ ಮೇಲೊಬ್ಬರು, ಎರಡು ಸಲ ಸಾಲು ನಿಲ್ಲದೆ, ಸವಾರಿ ಮಾಡುವ ಅನುಕೂಲವೂ ಅಲ್ಲುಂಟು, ಅದಕ್ಕೆ ಹಣವಿಲ್ಲ. ಕೇಳಿದವರಿಗೆ ದೊರೆಯುತ್ತದೆ, ಕೇಳದವರಿಗೆ ತಿಳಿಯುವುದೇ ಇಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತು ಉಳಿಯುತ್ತದೆ. ಈ ಉಪಾಯಗಳೆಲ್ಲ ಮನೆಯೊಡೆಯನ, ಹೆಚ್ಚಾಗಿ ಮನೆಯೊಡತಿಯ, ದುಡಿಮೆ. ದರಪಟ್ಟಿ ತೊಡಕಾದಷ್ಟೂ ಅದನ್ನು ಬಿಡಿಸುವ ಕೆಲಸ ಅವರ ಪಾಲಿಗೆ ಬರುತ್ತದೆ; ಬಿಡಿಸಲು ಬಿಡುವಿಲ್ಲದವರು ಹೆಚ್ಚು ತೆರುತ್ತಾರೆ. ಬಿಡುವಿಲ್ಲದವರೇ ಅನೇಕ ವೇಳೆ ಬಡವರು. ಲೆಂಡಿಂಗ್‌ಟ್ರೀ ಎಂಬ ಸಾಲದ ಸಂಸ್ಥೆ ೨೦೨೪ರಲ್ಲಿ ನಡೆಸಿದ ವಿಚಾರಣೆಯಲ್ಲಿ, ಡಿಸ್ನಿಗೆ ಹೋಗಿಬಂದ, ಹದಿನೆಂಟರ ಒಳಗಿನ ಮಕ್ಕಳುಳ್ಳ ತಾಯಿತಂದೆಗಳಲ್ಲಿ ನೂರಕ್ಕೆ ೪೫ ಮಂದಿ ಅದಕ್ಕಾಗಿ ಸಾಲ ಮಾಡಿದುದಾಗಿ ಹೇಳಿದರು. ಮಗುವಿನ ನಗೆಗೆ ಬಡ್ಡಿ ಕಟ್ಟುವ ಈ ಸ್ಥಿತಿಯನ್ನು ಆ ಜನರ ದುಂದುಗಾರಿಕೆಯೆಂದು ಹಳಿದು ಸುಮ್ಮನಾಗುವುದು ಸುಲಭ. ಆದರೆ ತರಗತಿಯಲ್ಲಿ ಉಳಿದವರೆಲ್ಲ ಹೋಗಿಬಂದ ಕಡೆಗೆ ತಮ್ಮ ಮಗುವೊಂದು ಹೋಗದಿರುವುದನ್ನು ಹೆತ್ತವರು ಸಹಿಸಲಾರರೆಂಬುದು ಎಲ್ಲ ದೇಶಕ್ಕೂ ಒಂದೇ.

ನಮ್ಮಲ್ಲಿಯೂ ಈ ಹಾದಿ ತೆರೆದಿದೆ. ೨೦೦೫ರಲ್ಲಿ ಬಿಡದಿಯ ಬಳಿ ಆರಂಭವಾದ ವಂಡರ್‌ಲಾದಲ್ಲಿ ವಾರದ ದಿನಕ್ಕೂ ವಾರಾಂತ್ಯಕ್ಕೂ ದರ ಬೇರೆ. ಹೆಚ್ಚು ಹಣಕ್ಕೆ ಸಾಲು ದಾಟಿಸುವ ಚೀಟಿಯೂ ಉಂಟು. ಮಗುವಿನ ಚೀಟಿಗೆ ಅಲ್ಲಿ ವಯಸ್ಸಲ್ಲ, ಎತ್ತರ ಅಳತೆ. ಮುಂಗಡವಾಗಿ ಕೊಂಡವರಿಗೆ, ಗುರುತಿನ ಚೀಟಿ ತೋರುವ ವಿದ್ಯಾರ್ಥಿಗಳಿಗೆ ರಿಯಾಯಿತಿ ಕೊಡುತ್ತಾರೆ. ಇಂಥ ಉದ್ಯಾನಗಳ ಪ್ರವೇಶದ ಮೇಲೆ ೨೦೧೭ರಲ್ಲಿ ಹಾಕಿದ್ದ ನೂರಕ್ಕೆ ೨೮ರ ಜಿ.ಎಸ್.ಟಿ.ಯನ್ನು ೨೦೧೮ರ ಜನವರಿಯಲ್ಲಿ ೧೮ಕ್ಕೆ ಇಳಿಸಿದರು. ಖಾಸಗಿಯವರ ಉದ್ಯಾನ ಖಾಸಗಿಯ ದರವನ್ನು ಹೇಳುವುದರಲ್ಲಿ ಆಶ್ಚರ್ಯವಿಲ್ಲ.

ಆದರೆ ಕನ್ನಂಬಾಡಿಯ ಬೃಂದಾವನದ ಸಂಗತಿ ಬೇರೆ. ಅದನ್ನು ಡಿಸ್ನಿಲ್ಯಾಂಡಿನ ಮಾದರಿಯಲ್ಲಿ ಮರುರೂಪಿಸಬೇಕೆಂಬ ಪ್ರಸ್ತಾಪ ೨೦೧೮ರಲ್ಲಿಯೇ ಸರ್ಕಾರದಿಂದ ಹೊರಟಿತು. ೨೦೨೪ರಲ್ಲಿ ಖಾಸಗಿಯವರ ಸಹಭಾಗಿತ್ವದಲ್ಲಿ ೨,೬೦೦ ಕೋಟಿ ರೂಪಾಯಿಗೆ ಮೀರಿದ ಅಂದಾಜಿನ ಯೋಜನೆಗೆ ಸಚಿವಸಂಪುಟ ಒಪ್ಪಿಗೆ ಕೊಟ್ಟಿತು. ರೈತರು ಅಣೆಕಟ್ಟಿನ ಕ್ಷೇಮವನ್ನು ಮುಂದೊಡ್ಡಿ ಇದನ್ನು ವಿರೋಧಿಸಿದ್ದಾರೆ. ಆ ಪ್ರಶ್ನೆಯನ್ನು ಬಲ್ಲವರು ನಿರ್ಣಯಿಸಲಿ. ನಾವು ಕೇಳಬೇಕಾದ ಪ್ರಶ್ನೆ ಇನ್ನೊಂದು. ಮಂಡ್ಯದ ಕಡೆಯ ಬೇಸಾಯಗಾರನೊಬ್ಬ ಮಕ್ಕಳನ್ನು ಕರೆತಂದು ಸಂಗೀತ ಕಾರಂಜಿಯನ್ನು ತೋರಿಸಿ ರಾತ್ರಿಯ ಬಸ್ಸಿಗೆ ಊರಿಗೆ ಮರಳುವ ಜಾಗ ಅದು. ಅಷ್ಟು ಕೋಟಿಯನ್ನು ಹೂಡಿದವರು ಅದನ್ನು ಯಾರಿಂದ, ಯಾವ ದಿನ, ಯಾವ ದರದಲ್ಲಿ ಹಿಂದೆ ಪಡೆಯುವರು? ದಸರೆಯ ರಜೆಯಲ್ಲಿ ಹೆಚ್ಚಿನ ದರವೇ? ಎರಡು ಸಾಲುಗಳೇ? ಸವಾರಿಗಳ ಚಿತ್ರಪಟವನ್ನು ಜನರಿಗೆ ತೋರಿಸುವ ಮೊದಲು ಸರ್ಕಾರ ದರಪಟ್ಟಿಯ ಕರಡನ್ನು ತೋರಿಸುವುದು ನ್ಯಾಯ. ಡಿಸ್ನಿಯ ಮಾದರಿಯನ್ನು ತರುವುದಾದರೆ, ನೋಡಲು ಬಂದವನು ಬಾಗಿಲಿನ ಅಲ್ಪ ಹಣ ತೆತ್ತು ಬೇಕಾದಷ್ಟನ್ನೇ ಕೊಳ್ಳುತ್ತಿದ್ದ ೧೯೫೫ರ ಮಾದರಿಯನ್ನು ತರಬಹುದು. ಅದಕ್ಕೆ ಯಾರ ಅಡ್ಡಿಯೂ ಇಲ್ಲ.

ಮನೆಯ ಮಟ್ಟದಲ್ಲಿ ಖರ್ಚನ್ನು ತಗ್ಗಿಸುವ ದೊಡ್ಡ ಉಪಾಯ ಹೊರಡುವ ಮೊದಲೇ ಏನನ್ನು ಬಿಡುವುದೆಂದು ಮಕ್ಕಳನ್ನೂ ಕೂಡಿಸಿಕೊಂಡು ತೀರ್ಮಾನಿಸುವುದು: ಎರಡು ದಿನ ಸಾಕು, ಈ ಮೂರು ಸವಾರಿ ಮುಖ್ಯ, ಉಳಿದದ್ದು ಸಿಕ್ಕಿದರೆ ಸಿಕ್ಕಿತು ಎಂದು. ತಾನೂ ಸೇರಿ ಮಾಡಿದ ತೀರ್ಮಾನಕ್ಕೆ ಮಗು ಅಳುವುದು ಕಡಿಮೆ. ಆದರೆ ನಾಡಿನ ಮಟ್ಟದಲ್ಲಿ ಬಿಡಬಾರದ ಒಂದು ವಸ್ತುವುಂಟು. ಯಾವ ಮಗುವೂ ತನ್ನ ತಂದೆಯ ಸಂಬಳವನ್ನು ಸಾಲಿನ ಉದ್ದದಿಂದ ಅಳೆಯಬೇಕಾಗದ ಒಂದೆರಡು ಸಾರ್ವಜನಿಕ ತಾಣಗಳಾದರೂ ಇರಬೇಕು. ಅವನ್ನು ಉಳಿಸಿಕೊಳ್ಳುವುದೇ ಸಾಧಾರಣ ಸಂಸಾರಗಳಿಗೆ ಒಟ್ಟಾಗಿ ಸಿಕ್ಕಬಹುದಾದ ಅತಿ ದೊಡ್ಡ ರಿಯಾಯಿತಿ.